ಇಸುಬು: ತಪ್ಪು ತಟ್ಟೆಯದೋ, ಚರ್ಮದ್ದೋ?

ಕಳೆದ ಬೇಸಿಗೆಯ ಒಂದು ಸಂಜೆ ತಾಯಿಯೊಬ್ಬರು ಮಗುವನ್ನು ಎತ್ತಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಜೊತೆಯಲ್ಲಿ ಮಗುವಿನ ಅಜ್ಜಿಯೂ ಇದ್ದರು. ಮಗುವಿಗೆ ಒಂದು ವರ್ಷ ಒಂಬತ್ತು ತಿಂಗಳು. ಕೆನ್ನೆ, ಮೊಣಕೈಯ ಒಳಮಡಿಕೆ, ಮಂಡಿಯ ಹಿಂಭಾಗ ಎಲ್ಲ ಕೆಂಪಾಗಿ ಒರಟಾಗಿತ್ತು. ತುರಿಸಿಕೊಂಡ ಕಡೆಗಳಲ್ಲಿ ರಕ್ತ ಒಸರಿ ಹಕ್ಕಳೆ ಕಟ್ಟಿತ್ತು. ಇದು ಇಸುಬು, ಅಂದರೆ ಎಕ್ಸಿಮಾ, ಎಂಬುದು ನೋಡಿದ ಕೂಡಲೇ ತಿಳಿಯುವಂತಿತ್ತು. ನನಗೆ ಹೆಚ್ಚು ಗಾಬರಿಯಾದದ್ದು ಮಗುವನ್ನು ತೂಕದ ಯಂತ್ರದ ಮೇಲೆ ಮಲಗಿಸಿದಾಗ. ಮುಳ್ಳು ಎಂಟು ಕಿಲೋ ಮುಟ್ಟಲಿಲ್ಲ. ಆ ವಯಸ್ಸಿಗೆ ಹತ್ತು, ಹನ್ನೊಂದು ಕಿಲೋ ಇರಬೇಕಿತ್ತು.

"ಊಟಕ್ಕೆ ಏನು ಕೊಡ್ತಿದ್ದೀರಮ್ಮ?" ಎಂದು ಕೇಳಿದೆ.

ಆಕೆ ಚೀಲದಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಕೊಡಬಾರದ ಪದಾರ್ಥಗಳ ಪಟ್ಟಿ ಇತ್ತು. ಹಾಲು, ಮೊಟ್ಟೆ, ಕೋಳಿ, ಗೋಧಿ, ಸೋಯಾ, ಟೊಮೆಟೊ, ಬೆಣ್ಣೆ... ಎಣಿಸಿದರೆ ಇಪ್ಪತ್ತಮೂರು! ಗಂಡನಿಗೆ ದಕ್ಷಿಣ ಕೊರಿಯಾದ ಸುವೊನ್ ನಗರದಲ್ಲಿ ಕೆಲಸ. ಮಗು ಹುಟ್ಟಿದ್ದೂ ಅಲ್ಲೇ. ಪಟ್ಟಿಯ ಅರ್ಧ ಭಾಗ ಅಲ್ಲಿನ ಸಾಂಪ್ರದಾಯಿಕ ವೈದ್ಯರು ಮತ್ತು ನೆರೆಹೊರೆಯವರು ಹೇಳಿದ್ದು. ರಜೆಗೆಂದು ಊರಿಗೆ ಬಂದ ಮೇಲೆ ನಮ್ಮ ಅಜ್ಜಿ, "ಇದು ನಂಜು ಡಾಕ್ಟ್ರೇ" ಎಂದು ಬದನೆಕಾಯಿ, ಆಲೂಗಡ್ಡೆ, ಕಡಲೆಕಾಯಿ, ಹಲಸು ಸೇರಿಸಿದ್ದರು. ಕೊನೆಗೆ ಮಗುವಿಗೆ ಉಳಿದದ್ದು ಗಂಜಿ, ತಿಳಿಸಾರು, ಬಾಳೆಹಣ್ಣು. ಇಷ್ಟು ಪಥ್ಯ ಮಾಡಿಯೂ ಚರ್ಮ ಒಂದಿಷ್ಟೂ ಸುಧಾರಿಸಿರಲಿಲ್ಲ.

ಆ ತಾಯಿಯನ್ನು ದೂರುವಂತಿರಲಿಲ್ಲ. ಮಗುವಿನ ಮೈಮೇಲೆ ಏನಾದರೂ ಎದ್ದರೆ ಮೊದಲು ತಟ್ಟೆಯ ಕಡೆ ನೋಡುವುದು ನಮ್ಮಲ್ಲೂ ಉಂಟು, ಕೊರಿಯಾದಲ್ಲೂ ಉಂಟು. ಪಾಶ್ಚಾತ್ಯ ವೈದ್ಯರೂ ಬಹುಕಾಲ ಹಾಗೆಯೇ ನೋಡಿದರು. ಈಚಿನ ಇಪ್ಪತ್ತು ವರ್ಷಗಳಲ್ಲಿ ಈ ನೋಟ ತಿರುವುಮುರುವಾಗಿದೆ. ಅದನ್ನು ಓದುಗರಿಗೆ ತಿಳಿಸುವುದೇ ಈ ವಾರದ ಲೇಖನದ ಉದ್ದೇಶ.

ಒಂದು ದೇಶ, ಎರಡು ವೈದ್ಯ

ದಕ್ಷಿಣ ಕೊರಿಯಾದಲ್ಲಿ ಎರಡು ವೈದ್ಯಪದ್ಧತಿಗಳಿಗೂ ಕಾನೂನಿನ ಮಾನ್ಯತೆ ಇದೆ. 1951ರ ವೈದ್ಯಕೀಯ ಕಾನೂನು ಇಬ್ಬರಿಗೂ ಬೇರೆ ಬೇರೆ ಪರವಾನಗಿ ಕೊಟ್ಟಿತು. ಪಾಶ್ಚಾತ್ಯ ಪದ್ಧತಿಯ ವೈದ್ಯರನ್ನು 'ಉಯಿಸಾ' ಎಂದೂ ದೇಶೀಯ ಪದ್ಧತಿಯವರನ್ನು 'ಹಾನುಯಿಸಾ' ಎಂದೂ ಕರೆಯುತ್ತಾರೆ. ಹಾನುಯಿಸಾ ಆಗಲು ಆರು ವರ್ಷ ಕಾಲೇಜಿನಲ್ಲಿ ಓದಬೇಕು. ಸೂಜಿಚಿಕಿತ್ಸೆಯಂಥ ಅವರ ಚಿಕಿತ್ಸೆಗಳಿಗೆ 1987ರಿಂದ ರಾಷ್ಟ್ರೀಯ ಆರೋಗ್ಯ ವಿಮೆಯೂ ಸಿಗುತ್ತದೆ. ನಮ್ಮಲ್ಲಿ ಎಂಬಿಬಿಎಸ್ ಮತ್ತು ಆಯುರ್ವೇದ ಪದವಿಗಳು ಅಕ್ಕಪಕ್ಕದಲ್ಲಿ ಇರುವಂತೆಯೇ ಇದು.

ಆ ದೇಶೀಯ ವೈದ್ಯಕ್ಕೆ ಆಧಾರವಾದ ದೊಡ್ಡ ಗ್ರಂಥ 'ದೋಂಗುಯಿ ಬೋಗಾಮ್'. ಜಪಾನೀಯರ ದಾಳಿಯಿಂದ ದೇಶ ತತ್ತರಿಸಿದ್ದ ಕಾಲದಲ್ಲಿ, 1596ರಲ್ಲಿ, ರಾಜ ಸೊಂಜೊ ತನ್ನ ಆಸ್ಥಾನದ ವೈದ್ಯ ಹೊ ಜುನ್‌ಗೆ ಇದನ್ನು ಬರೆಯಲು ಅಪ್ಪಣೆ ಕೊಟ್ಟ. ಬರವಣಿಗೆ ಮುಗಿದದ್ದು 1610ರಲ್ಲಿ, ಅಚ್ಚಾದದ್ದು 1613ರಲ್ಲಿ. ಒಟ್ಟು 25 ಸಂಪುಟ. ಮೂಲಿಕೆಗಳ ಹೆಸರನ್ನು ಜನಸಾಮಾನ್ಯರ ಕೊರಿಯನ್ ಭಾಷೆಯಲ್ಲೂ ಕೊಟ್ಟದ್ದು ಅದರ ಹೆಚ್ಚುಗಾರಿಕೆ. 2009ರಲ್ಲಿ ಯುನೆಸ್ಕೋ ಇದನ್ನು 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿಸಿತು.

ಗರ್ಭದಿಂದ ಬಂದ ಕಾವು

ಎಳೆಗೂಸಿನ ಕೆನ್ನೆ ಕೆಂಪಾಗಿ ಒರಟಾದರೆ ಕೊರಿಯಾದ ಅಜ್ಜಿಯರು ಅದನ್ನು 'ತೇಯೋಲ್' ಎನ್ನುತ್ತಾರೆ. ಗರ್ಭದ ಕಾವು ಎಂದು ಅದರ ಅರ್ಥ. ಬಸುರಿಯಲ್ಲಿ ತಾಯಿ ಉಷ್ಣದ ಪದಾರ್ಥ ತಿಂದರೆ ಅದರ ಕಾವು ಮಗುವಿಗೆ ಇಳಿದು, ಹುಟ್ಟಿದ ಮೇಲೆ ಚರ್ಮದಲ್ಲಿ ಹೊರಬೀಳುತ್ತದೆ ಎಂಬುದು ನಂಬಿಕೆ. "ಮಗು ನೆಲ ತುಳಿದರೆ ತೇಯೋಲ್ ಹೋಗುತ್ತದೆ" ಎಂಬ ಮಾತು ಅಲ್ಲಿ ಮನೆಮನೆಯಲ್ಲಿದೆ. ನಡೆಯಲು ಕಲಿಯುವ ಹೊತ್ತಿಗೆ ತಾನಾಗಿ ವಾಸಿಯಾಗುತ್ತದೆ ಎಂದು ಇದರ ತಾತ್ಪರ್ಯ.

ಈ ಮಾತಿನ ಹಿಂದೆ ತಲೆಮಾರುಗಳ ಅನುಭವವಿದೆ. ಎಷ್ಟೋ ಮಕ್ಕಳಲ್ಲಿ ಮುಖದ ಇಸುಬು ಒಂದೆರಡು ವರ್ಷದೊಳಗೆ ತಗ್ಗುವುದು ನಿಜ. ಆದರೆ ಎಲ್ಲರಲ್ಲೂ ಅಲ್ಲ. ಕೆಲವರಲ್ಲಿ ಅದು ಮೊಣಕೈ, ಮಂಡಿಗಳ ಮಡಿಕೆಗೆ ಜಾಗ ಬದಲಿಸಿ ಉಳಿದುಕೊಳ್ಳುತ್ತದೆ. ಕಾಯುತ್ತ ಕುಳಿತರೆ ಅಂಥ ಮಕ್ಕಳು ಸುಮ್ಮನೆ ನರಳಬೇಕಾಗುತ್ತದೆ. ತಪ್ಪೆಲ್ಲ ತಾಯಿಯ ಊಟದ್ದೆಂದು ಆಕೆಯ ತಲೆಗೆ ಕಟ್ಟುವುದಂತೂ ಅನ್ಯಾಯ.

ಹಾನುಯಿಸಾ ವೈದ್ಯರು ಇದಕ್ಕಿಂತ ವಿವರವಾಗಿ ನೋಡುತ್ತಾರೆ. ಅವರ ಶಾಸ್ತ್ರದಲ್ಲಿ ಚರ್ಮದ ಒಡೆತನ ಶ್ವಾಸಕೋಶದ್ದು, ಪಚನದ್ದು ಗುಲ್ಮ ಮತ್ತು ಜಠರದ್ದು. ಕೆಂಪಾಗಿ ನೀರು ಸುರಿಯುವ ಇಸುಬಾದರೆ ಕಾವು ಮತ್ತು ತೇವ ಸೇರಿದೆ ಎನ್ನುತ್ತಾರೆ. ವರ್ಷಗಟ್ಟಲೆ ಉಳಿದು ಒಣಗಿ ದಪ್ಪವಾದರೆ ರಕ್ತ ಒಣಗಿದೆ ಎನ್ನುತ್ತಾರೆ. ಅದಕ್ಕೆ ತಕ್ಕಂತೆ ಕಷಾಯ, ಸೂಜಿಚಿಕಿತ್ಸೆ, ಪಥ್ಯ. ಕಾವು ಇಳಿಸುವ ಪ್ರಸಿದ್ಧ ಕಷಾಯವೊಂದರ ಹೆಸರು 'ಹ್ವಾಂಗ್ನ್ಯೋನ್ ಹೇದೊಕ್ ತಾಂಗ್'. ಅದರ ಮುಖ್ಯ ಬೇರಿನಲ್ಲಿರುವ ಬರ್ಬೆರಿನ್ ಎಂಬ ಹಳದಿ, ಕಹಿ ಅಂಶ ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಇದೆ. ಬರ್ಬೆರಿನ್‌ಗೆ ಉರಿಯೂತ ತಗ್ಗಿಸುವ ಗುಣ ಪ್ರಯೋಗಾಲಯಗಳಲ್ಲಿ ಕಂಡಿದೆ. ಸೂಜಿಚಿಕಿತ್ಸೆಯಿಂದ ನವೆ ತುಸು ಕಡಿಮೆಯಾದದ್ದೂ ಕೆಲವು ಚಿಕ್ಕ ಪ್ರಯೋಗಗಳಲ್ಲಿ ಕಂಡಿದೆ. ಮಕ್ಕಳಿಗೆ ಧೈರ್ಯವಾಗಿ ಬರೆದುಕೊಡುವಷ್ಟು ಪುರಾವೆ ಇದಲ್ಲ.

ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದು

ಕೊರಿಯಾದ ವೈದ್ಯಕ್ಕೇ ವಿಶಿಷ್ಟವಾದ ಇನ್ನೊಂದು ವಿಚಾರವಿದೆ. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಲೀ ಜೆಮಾ (1837-1900) ಎಂಬ ವೈದ್ಯರು 1894ರಲ್ಲಿ ಬರೆದ ಗ್ರಂಥದಲ್ಲಿ ಮನುಷ್ಯರನ್ನು ನಾಲ್ಕು ಪ್ರಕೃತಿಗಳಾಗಿ ವಿಂಗಡಿಸಿದರು: ತೇಯಾಂಗ್, ಸೊಯಾಂಗ್, ತೇಉಮ್, ಸೊಉಮ್. ಇದಕ್ಕೆ 'ಸಸಾಂಗ್' ಪದ್ಧತಿ ಎಂದು ಹೆಸರು. ನಮ್ಮ ಆಯುರ್ವೇದದ ವಾತ, ಪಿತ್ತ, ಕಫ ಪ್ರಕೃತಿಗಳನ್ನು ಬಲ್ಲವರಿಗೆ ಇದು ಹೊಸದೆನಿಸದು. ಸೊಉಮ್ ಪ್ರಕೃತಿಯವರಿಗೆ ಕೋಳಿಮಾಂಸ ಮತ್ತು ಜಿನ್‌ಸೆಂಗ್ ಬೇರು ಹಿತ, ಹಂದಿಮಾಂಸ ಅಹಿತ. ಸೊಯಾಂಗ್ ಪ್ರಕೃತಿಯವರಿಗೆ ಇದರ ತದ್ವಿರುದ್ಧ. ಹೀಗೆ ಪ್ರತಿಯೊಬ್ಬರಿಗೂ ಅವರದೇ ಪಥ್ಯ.

ಎಲ್ಲರೂ ತಿನ್ನುವ ಪದಾರ್ಥ ಒಬ್ಬನಿಗೆ ಮಾತ್ರ ಏಕೆ ಒಗ್ಗದು? ಲೀ ಜೆಮಾ ಕೇಳಿಕೊಂಡ ಪ್ರಶ್ನೆ ಇದೇ. ಸುಮಾರು ಅದೇ ಕಾಲದಲ್ಲಿ ಯುರೋಪಿನ ವೈದ್ಯರೂ ಇದನ್ನೇ ಕೇಳುತ್ತಿದ್ದರು. ಅವರು ಉತ್ತರಕ್ಕೆ ಹೋದ ದಾರಿ ಮಾತ್ರ ಬೇರೆ.

ಮೀನಿನ ಸಾರ ಮತ್ತು ವೈದ್ಯನ ಹೊಟ್ಟೆ

'ಎಕ್ಸಿಮಾ' ಗ್ರೀಕ್ ಮೂಲದ ಮಾತು. ಕುದಿದು ಉಕ್ಕುವುದು ಎಂದು ಅದರ ಅರ್ಥ. ಪ್ರಾಚೀನ ಗ್ರೀಕರಿಗೂ ಚರ್ಮದಲ್ಲಿ ಕಂಡದ್ದು ಕಾವೇ ಎಂಬುದನ್ನು ಗಮನಿಸಬೇಕು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 'ಅಲರ್ಜಿ' ಎಂಬ ಪದವನ್ನು ಟಂಕಿಸಿದರು. ದೇಹ ಹೊರಗಿನ ವಸ್ತುವಿಗೆ ಎಂದಿನಂತಲ್ಲದೆ ಬೇರೆ ರೀತಿ ಪ್ರತಿಕ್ರಿಯಿಸುವುದು ಎಂಬ ಅರ್ಥದಲ್ಲಿ.

1921ರಲ್ಲಿ ಅಂದಿನ ಜರ್ಮನಿಯ ಬ್ರೆಸ್ಲೌ ನಗರದಲ್ಲಿ ಒಂದು ಸೊಗಸಾದ ಪ್ರಯೋಗ ನಡೆಯಿತು. ಹೈಂಜ್ ಕ್ಯೂಸ್ಟ್ನರ್ ಎಂಬ ವೈದ್ಯರಿಗೆ ಬೇಯಿಸಿದ ಮೀನು ತಿಂದರೆ ಮೈಯೆಲ್ಲ ಗಂಧೆ ಏಳುತ್ತಿತ್ತು. ಅವರ ಸಹೋದ್ಯೋಗಿ ಕಾರ್ಲ್ ಪ್ರಾಸ್ನಿಟ್ಜ್‌ಗೆ ಮೀನಿನಿಂದ ಏನೂ ಆಗುತ್ತಿರಲಿಲ್ಲ. ಪ್ರಾಸ್ನಿಟ್ಜ್ ಗೆಳೆಯನ ರಕ್ತದ ಸೀರಮ್ಮನ್ನು ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ಅಲ್ಲಿ ಮಾತ್ರ ಕೆಂಪು ಗಂಧೆ ಎದ್ದಿತು! ಅಲರ್ಜಿಯ ಕಾರಣ ರಕ್ತದಲ್ಲಿದೆ, ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸಲೂ ಬಹುದು ಎಂಬುದು ಸಿದ್ಧವಾಯಿತು. ಆ ಕಾರಣ ಯಾವುದೆಂದು ತಿಳಿಯಲು ಮತ್ತೆ ನಾಲ್ಕು ದಶಕಗಳೇ ಬೇಕಾದವು. ಜಪಾನ್ ಮೂಲದ ಇಶಿಜಾಕಾ ದಂಪತಿ ಅಮೆರಿಕದಲ್ಲಿ, ಯೊಹಾನ್ಸನ್ ಮತ್ತು ಬೆನ್ನಿಕ್ ಸ್ವೀಡನ್ನಿನಲ್ಲಿ, 1966-67ರ ಸುಮಾರಿಗೆ 'ಐಜಿಇ' ಎಂಬ ಪ್ರತಿಕಾಯವನ್ನು ಗುರುತಿಸಿದರು.

ಇದರಿಂದ ಪರೀಕ್ಷೆಗಳು ಬಂದವು, ಜೊತೆಗೆ ಒಂದು ತೊಂದರೆಯೂ ಬಂತು. ಇಸುಬಿರುವ ಮಕ್ಕಳ ರಕ್ತದಲ್ಲಿ ಐಜಿಇ ಸಾಮಾನ್ಯವಾಗಿ ಹೆಚ್ಚು. ಹಾಲು, ಮೊಟ್ಟೆ, ಗೋಧಿ ಎಂದು ಹತ್ತಾರು ಪದಾರ್ಥಗಳಿಗೆ ಪರೀಕ್ಷೆ 'ಪಾಸಿಟಿವ್' ಬರುತ್ತದೆ. ಆದರೆ ಅವನ್ನು ತಿಂದರೆ ಎಷ್ಟೋ ಮಕ್ಕಳಿಗೆ ಏನೂ ಆಗುವುದಿಲ್ಲ. ರಕ್ತದ ವರದಿಯನ್ನಷ್ಟೇ ನೋಡಿ ಪಥ್ಯ ಬರೆದ ನಮ್ಮ ಪಾಶ್ಚಾತ್ಯ ಪದ್ಧತಿಯ ವೈದ್ಯರೂ ಕಡಿಮೆಯಿಲ್ಲ. ಹಾನುಯಿಸಾ ವೈದ್ಯರ ಪಟ್ಟಿಗೆ ನಗುವ ಮುನ್ನ ನಮ್ಮ ಪಟ್ಟಿಗಳನ್ನೂ ನೋಡಿಕೊಳ್ಳಬೇಕು.

ಗೋಡೆ ಬಿರುಕು ಬಿಟ್ಟ ಮನೆ

2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾನಿಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ದೊಡ್ಡ ಸಂಗತಿಯೊಂದನ್ನು ಹೊರಗೆಡವಿದರು. ಇಸುಬಿರುವ ಹಲವರಲ್ಲಿ 'ಫಿಲಾಗ್ರಿನ್' ಎಂಬ ಪ್ರೋಟೀನಿನ ವಂಶವಾಹಿ ದೋಷಪೂರ್ಣವಾಗಿರುತ್ತದೆ. ಚರ್ಮದ ಮೇಲ್ಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸಿದರೆ, ಅದು ಬಿಗಿಯಾಗಿ, ತೇವವಾಗಿ ಇರಲು ಫಿಲಾಗ್ರಿನ್ ಬೇಕು. ಅದು ಕಡಿಮೆಯಾದರೆ ಒಳಗಿನ ನೀರು ಆರಿಹೋಗುತ್ತದೆ, ಹೊರಗಿನ ಧೂಳು, ಸೋಪು, ಸೂಕ್ಷ್ಮಜೀವಿಗಳು ಒಳನುಗ್ಗುತ್ತವೆ. ಯುರೋಪಿನವರಿಗಿಂತ ಕೊರಿಯನ್ನರಲ್ಲಿ ಈ ದೋಷ ಕಡಿಮೆ. ಹಾಗಾಗಿ ಇದೊಂದೇ ಕಾರಣವೆನ್ನುವಂತಿಲ್ಲ. ಆದರೂ ಗೋಡೆಯ ಬಿರುಕೇ ಇಸುಬಿನ ಮುಖ್ಯ ಭಾಗವೆಂಬುದು ಈಗ ಎಲ್ಲರೂ ಒಪ್ಪಿದ ಮಾತು.

ಇಲ್ಲಿಂದಲೇ ಆಹಾರದ ಕತೆಯೂ ತಿರುಗುತ್ತದೆ. ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2003ರಲ್ಲಿ ಒಂದು ವಿಷಯ ಗಮನಿಸಿದರು. ಕಡಲೆಕಾಯಿ ಎಣ್ಣೆ ಬೆರೆತ ಮುಲಾಮನ್ನು ಮೈಗೆ ಹಚ್ಚಿಸಿಕೊಂಡ ಶಿಶುಗಳಲ್ಲಿ ಮುಂದೆ ಕಡಲೆಕಾಯಿ ಅಲರ್ಜಿ ಹೆಚ್ಚಾಗಿತ್ತು. ಜಪಾನಿನಲ್ಲಿ ಗೋಧಿಯ ಪ್ರೋಟೀನ್ ಬೆರೆಸಿದ ಮುಖದ ಸೋಪೊಂದನ್ನು ಬಳಸಿದವರ ಪೈಕಿ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿಯ ಅಲರ್ಜಿ ಬಂತು. 2011ರಲ್ಲಿ ಆ ಸೋಪನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಅಲ್ಲಿಯವರೆಗೆ ರೊಟ್ಟಿ, ನೂಡಲ್ಸ್ ತಿಂದು ಆರಾಮಾಗಿದ್ದ ಜನ ಅವರು!

ಅಂದರೆ, ಆಹಾರ ಬಾಯಿಯ ಮೂಲಕ ಒಳಹೋದರೆ ದೇಹ ಅದನ್ನು ನೆಂಟನಂತೆ ಬರಮಾಡಿಕೊಳ್ಳಲು ಕಲಿಯುತ್ತದೆ. ಅದೇ ಆಹಾರ ಒಡೆದ ಚರ್ಮದ ಮೂಲಕ ನುಸುಳಿದರೆ ಕಳ್ಳನೆಂದು ಗುರುತಿಟ್ಟುಕೊಳ್ಳುತ್ತದೆ. ಆಹಾರದ ಅಲರ್ಜಿಯಿಂದ ಇಸುಬು ಬರುತ್ತದೆ ಎಂದು ನಾವು ತಿಳಿದಿದ್ದೆವು. ಬಹುಪಾಲು ಮಕ್ಕಳಲ್ಲಿ ಮೊದಲು ಬರುವುದು ಇಸುಬು, ಅದರ ಬೆನ್ನಿಗೆ ಆಹಾರದ ಅಲರ್ಜಿ.

ಇದಕ್ಕೆ ದೊಡ್ಡ ಪುರಾವೆ 2015ರಲ್ಲಿ ಬಂತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 4ರಿಂದ 11 ತಿಂಗಳ 640 ಶಿಶುಗಳನ್ನು ಲ್ಯಾಕ್ ತಂಡ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಕಡಲೆಕಾಯಿ ಪೂರ್ಣ ನಿಷಿದ್ಧ. ಇನ್ನೊಂದಕ್ಕೆ ವಾರವಾರವೂ ಕಡಲೆಕಾಯಿಯ ತಿನಿಸು. ಐದು ವರ್ಷ ತುಂಬಿದಾಗ ಪಥ್ಯದ ಗುಂಪಿನಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಇತ್ತು. ತಿಂದ ಗುಂಪಿನಲ್ಲಿ ಕೇವಲ 3. ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಎಂದು 2000ದಲ್ಲಿ ಸಲಹೆ ಮಾಡಿದ್ದ ಅಮೆರಿಕದ ಮಕ್ಕಳ ವೈದ್ಯರು 2008ರಲ್ಲೇ ಅದನ್ನು ಕೈಬಿಟ್ಟಿದ್ದರು. 2017ರಲ್ಲಿ ಅಲ್ಲಿನ ತಜ್ಞರು ಬೇಗ ಕೊಡಿ ಎಂದೇ ಹೊಸ ಸೂಚನೆ ಹೊರಡಿಸಿದರು.

ಅತಿಪಥ್ಯದ ಅಪಾಯ

ಪಥ್ಯ ಮಾಡಿದರೆ ನಷ್ಟವೇನು, ಗುಣವಾಗದಿದ್ದರೆ ಬೇಡ, ಕೆಡುಕಂತೂ ಆಗದಲ್ಲ ಎಂದು ಹಲವರು ಕೇಳುತ್ತಾರೆ. ಕೆಡುಕು ಎರಡು ಬಗೆಯಲ್ಲಿ ಆಗುತ್ತದೆ. ಮೊದಲನೆಯದು ಬೆಳವಣಿಗೆಯ ಕುಂಠನ. ಹಾಲು, ಮೊಟ್ಟೆ, ಬೇಳೆ, ಗೋಧಿ ಎಲ್ಲ ಬಿಟ್ಟ ಮಗುವಿಗೆ ಪ್ರೋಟೀನ್, ಕ್ಯಾಲ್ಸಿಯಂ, ಕಬ್ಬಿಣ ಎಲ್ಲಿಂದ ಬರಬೇಕು? ಅನೇಕ ಆಹಾರಗಳನ್ನು ಬಿಟ್ಟ ಇಸುಬಿನ ಮಕ್ಕಳಲ್ಲಿ ಬೆಳವಣಿಗೆ ಹಿಂದೆ ಬೀಳುವುದನ್ನು ಕೊರಿಯಾದ ಮಕ್ಕಳ ತಜ್ಞರೇ ವರದಿ ಮಾಡಿದ್ದಾರೆ. ಎರಡನೆಯದು ಇನ್ನೂ ಗಂಭೀರ. ತಿಂದು ಅಭ್ಯಾಸವಿದ್ದ ಪದಾರ್ಥವನ್ನು ತಿಂಗಳುಗಟ್ಟಲೆ ಬಿಡಿಸಿದರೆ ದೇಹಕ್ಕೆ ಅದರ ನೆಂಟಸ್ತಿಕೆ ತಪ್ಪುತ್ತದೆ. ಮತ್ತೆ ಕೊಟ್ಟಾಗ, ಹಿಂದೆಂದೂ ಆಗದಿದ್ದ ತೀವ್ರ ಅಲರ್ಜಿ ಕೆಲವು ಮಕ್ಕಳಲ್ಲಿ ಒಮ್ಮೆಲೇ ಕಾಣಿಸಿಕೊಳ್ಳುವುದುಂಟು.

ಔಷಧದ ಭಯವೂ ಪಥ್ಯದ ಜೊತೆಗೇ ಬೆಳೆಯುತ್ತದೆ. ಕೊರಿಯಾದಲ್ಲಿ 2017ರಲ್ಲಿ ದೊಡ್ಡ ಗದ್ದಲವೆದ್ದಿತ್ತು. ಔಷಧವಿಲ್ಲದೆ ಮಕ್ಕಳನ್ನು ಬೆಳೆಸುವುದು ಎಂಬ ಹೆಸರಿನ ತಾಯಂದಿರ ಅಂತರ್ಜಾಲ ಬಳಗವೊಂದಿತ್ತು. ಐವತ್ತು ಸಾವಿರಕ್ಕೂ ಹೆಚ್ಚು ಸದಸ್ಯರು. ನಡೆಸುತ್ತಿದ್ದವರು ಒಬ್ಬ ಹಾನುಯಿಸಾ. ಇಸುಬಿಗೆ ಮುಲಾಮು ಬೇಡ, ಮಗು ತುರಿಸಿಕೊಳ್ಳಲಿ ಎಂಬಂಥ ಸಲಹೆಗಳು ಅಲ್ಲಿ ಹರಿದಾಡಿದವು. ರಕ್ತ ಸುರಿಯುವ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದಾಗ ದೇಶವೇ ಬೆಚ್ಚಿತು. ಇದು ನಮ್ಮ ಶಾಸ್ತ್ರವಲ್ಲ ಎಂದು ಹಾನುಯಿಸಾಗಳ ಸಂಘವೇ ಹೇಳಿತು. ಅನುಮತಿಯಿಲ್ಲದೆ ಇದ್ದಿಲಿನ ಪುಡಿ ಮಾರಿದ್ದೇ ಮೊದಲಾದ ಅಪರಾಧಗಳಿಗೆ ಆ ವೈದ್ಯರಿಗೆ ಆದ ಶಿಕ್ಷೆಯನ್ನು 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಒಂದು ಪದ್ಧತಿಯನ್ನೇ ದೂರಲು ಇದನ್ನು ಹೇಳುತ್ತಿಲ್ಲ. ಹೆದರಿದ ತಾಯ್ತಂದೆಯರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದಕ್ಕೆ ಇದೊಂದು ನಿದರ್ಶನ.

ನಿಜವಾದ ಆಹಾರದ ಅಲರ್ಜಿ ಹೇಗಿರುತ್ತದೆ?

ಆಹಾರದ ಅಲರ್ಜಿ ಸುಳ್ಳೆಂದು ಯಾರೂ ತಿಳಿಯಬಾರದು. ಮಧ್ಯಮದಿಂದ ತೀವ್ರ ಇಸುಬಿರುವ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳಿಗೆ ಯಾವುದಾದರೂ ಆಹಾರದ ಅಲರ್ಜಿ ಇರುತ್ತದೆ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಅದು ತನ್ನ ಗುರುತು ತೋರಿಸುತ್ತದೆ. ತುಟಿ, ಕಣ್ಣು ಊದಿಕೊಳ್ಳುವುದು, ಪಿತ್ತಗಂಧೆಯಂಥ ದದ್ದು, ವಾಂತಿ, ಕೆಮ್ಮು, ಉಬ್ಬಸ. ಉಸಿರು ಕಟ್ಟಿದರೆ, ಮಗು ಬಿಳಿಚಿಕೊಂಡು ಕುಸಿದರೆ ಅದು ತುರ್ತು ಪರಿಸ್ಥಿತಿ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು. ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಕೆಲವು ಮಕ್ಕಳಲ್ಲಿ ಮಾರನೆಯ ದಿನ ಇಸುಬು ಕೆರಳುವುದೂ ಉಂಟು. ಅಂಥ ಅನುಮಾನವಿದ್ದರೆ ತಜ್ಞರ ನಿಗಾದಲ್ಲಿ ಒಂದು ಪದಾರ್ಥವನ್ನು ಕೆಲವು ವಾರ ಮಾತ್ರ ಬಿಟ್ಟು, ಮತ್ತೆ ಕೊಟ್ಟು ನೋಡಬೇಕು.

ಯಾವ ಆಹಾರ ಎಂಬುದು ಊಟದ ರೂಢಿಯ ಮೇಲೂ ನಿಂತಿದೆ. ಮಕ್ಕಳಲ್ಲಿ ಹಾಲು, ಮೊಟ್ಟೆ ಎಲ್ಲೆಡೆಯೂ ಮುಂದು. ಕೊರಿಯಾದಲ್ಲಿ ಪೊಟ್ಟಣದ ಮೇಲೆ ನಮೂದಿಸಲೇಬೇಕಾದ ಅಲರ್ಜಿಕಾರಕಗಳ ಪಟ್ಟಿಯಲ್ಲಿ ಬಂಗುಡೆ ಜಾತಿಯ ಮೀನು, ಹಂದಿಮಾಂಸ, ಪೀಚ್ ಹಣ್ಣು, ಟೊಮೆಟೊ, ವಾಲ್‌ನಟ್ ಇವೆ. 'ಮೆಮಿಲ್' ಕೂಡ ಇದೆ. ಇದು ಬಕ್‌ವೀಟ್ ಧಾನ್ಯ, ಉತ್ತರ ಭಾರತೀಯರು ಉಪವಾಸದ ದಿನ ತಿನ್ನುವ ಕುಟ್ಟು. ಕೊರಿಯಾದಲ್ಲಿ ಇದರಿಂದ ತಣ್ಣನೆಯ ನೂಡಲ್ಸ್, ತೆಳ್ಳನೆಯ ದೋಸೆ ಮಾಡುತ್ತಾರೆ. ಇದರ ಹೊಟ್ಟನ್ನು ದಿಂಬಿಗೂ ತುಂಬುತ್ತಾರೆ. ಜೀವಕ್ಕೇ ಅಪಾಯ ತರುವಷ್ಟು ತೀವ್ರವಾದ ಅಲರ್ಜಿಯನ್ನು ಮೆಮಿಲ್ ಉಂಟುಮಾಡಬಲ್ಲದು.

ಚರ್ಮಕ್ಕೂ ಊಟಕ್ಕೂ ನೇರ ನಂಟಿರುವ ಇನ್ನೊಂದು ಕೊರಿಯನ್ ಅಡುಗೆ 'ಒತ್ತಾಕ್'. ಅರಗಿನಂಥ ಮೆರುಗೆಣ್ಣೆ ಕೊಡುವ ಲ್ಯಾಕರ್ ಮರದ ತೊಗಟೆ ಹಾಕಿ ಬೇಯಿಸಿದ ಕೋಳಿ. ಮೈಗೆ ಬಲವೆಂದು ತಿನ್ನುತ್ತಾರೆ. ಕೆಲವರಿಗೆ ಆಮೇಲೆ ಮೈತುಂಬ ದದ್ದೆದ್ದು ಆಸ್ಪತ್ರೆ ಸೇರಬೇಕಾಗುತ್ತದೆ. ಈ ಮರ ನಮ್ಮ ಗೇರು, ಮಾವುಗಳ ಕುಟುಂಬದ್ದೇ. ಮಾವಿನ ಸೊನೆ ತಾಗಿ ತುಟಿ ಸುಡುವುದು, ಗೇರುಬೀಜ ಸುಲಿಯುವವರ ಕೈ ಬೊಬ್ಬೆಯೇಳುವುದು ಕರಾವಳಿಯವರಿಗೆ ಗೊತ್ತು. ಅಲ್ಲೂ ಇಲ್ಲೂ ಕಾರಣ ಒಂದೇ ಜಾತಿಯ ರಸಾಯನಿಕ. ಇದು ಕಾವೂ ಅಲ್ಲ, ನಂಜೂ ಅಲ್ಲ, ಚರ್ಮದ ಅಲರ್ಜಿಯ ಇನ್ನೊಂದು ಬಗೆ.

ಮೊದಲು ಗೋಡೆ ರಿಪೇರಿ ಮಾಡಿ

ಇಸುಬಿನ ಚಿಕಿತ್ಸೆ ಅಡುಗೆಮನೆಯಿಂದಲ್ಲ, ಬಚ್ಚಲುಮನೆಯಿಂದ ಶುರುವಾಗಬೇಕು. ಉಗುರು ಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ ಸಾಕು. ಸುಡುನೀರು, ಉಜ್ಜುವುದು, ಗಡಸು ಸೋಪು ಬೇಡ. ಮೈಯನ್ನು ಒತ್ತಿ ಒರೆಸಿ, ತೇವ ಆರುವ ಮುನ್ನವೇ ಪೆಟ್ರೋಲಿಯಂ ಜೆಲ್ಲಿ ಅಥವಾ ವಾಸನೆಯಿಲ್ಲದ ತೇವಕಾರಕ ಮುಲಾಮನ್ನು ಧಾರಾಳವಾಗಿ ಹಚ್ಚಿ. ದಿನಕ್ಕೆ ಎರಡು ಬಾರಿಯಾದರೂ ಹಚ್ಚಬೇಕು. ಶುದ್ಧ ಕೊಬ್ಬರಿ ಎಣ್ಣೆಯೂ ಆದೀತು. ಆದರೆ ಒಡೆದ ಚರ್ಮಕ್ಕೆ ಕಡಲೆಹಿಟ್ಟು, ಹೆಸರುಹಿಟ್ಟು, ಹಾಲಿನ ಕೆನೆ, ಬಾದಾಮಿ ಅರೆದು ಹಚ್ಚುವ ರೂಢಿಯನ್ನು ಬಿಡಿ. ತಿನ್ನುವ ವಸ್ತುವನ್ನು ಬಿರುಕು ಬಿಟ್ಟ ಗೋಡೆಯ ಮೂಲಕ ತುರುಕಬಾರದು ಎಂಬುದೇ ಹೊಸ ಸಂಶೋಧನೆಯ ಪಾಠ.

ಕೆಂಪಾಗಿ ಕೆರಳಿದ ಕಡೆ ಸ್ಟೀರಾಯ್ಡ್ ಮುಲಾಮು ಬೇಕೇಬೇಕು. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟ್ಟನ್ ಹೈಡ್ರೊಕಾರ್ಟಿಸೋನ್ ಲೇಪನದ ಗುಣವನ್ನು ತೋರಿಸಿದಂದಿನಿಂದ ಇಸುಬಿನ ಚಿಕಿತ್ಸೆಯೇ ಬದಲಾಯಿತು. ವೈದ್ಯರು ಹೇಳಿದ ಶಕ್ತಿಯ ಮುಲಾಮನ್ನು ಹೇಳಿದಷ್ಟು ದಿನ ಹಚ್ಚಿದರೆ ಹೆದರಬೇಕಿಲ್ಲ. ಟ್ಯೂಬಿನಿಂದ ದೊಡ್ಡವರ ತೋರುಬೆರಳ ತುದಿಯ ಗೆಣ್ಣಿನುದ್ದ ಹಿಂಡಿದಷ್ಟು ಮುಲಾಮು ದೊಡ್ಡವರ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಆದರೆ ಔಷಧ ಅಂಗಡಿಯಲ್ಲಿ ತಾವೇ ಕೇಳಿ ತಂದ ಪ್ರಬಲ ಮುಲಾಮನ್ನು ಮುಖಕ್ಕೆ ತಿಂಗಳುಗಟ್ಟಲೆ ಬಳಿಯುವುದು ಖಂಡಿತ ಹಾನಿಕರ. ಮುಲಾಮಿನಿಂದ ಹತೋಟಿಗೆ ಬಾರದ ತೀವ್ರ ಇಸುಬಿಗೂ ಈಗ ಹೊಸ ಔಷಧಗಳಿವೆ. ಅವು ಚರ್ಮತಜ್ಞರ ಕೈಯಲ್ಲಿರಬೇಕಾದ ಔಷಧಗಳು.

"ಗಿಡಮೂಲಿಕೆಯ ಮುಲಾಮು, ಅಡ್ಡಪರಿಣಾಮವಿಲ್ಲ" ಎಂಬ ಮಾತಿಗೆ ಮರುಳಾಗುವ ಮುನ್ನ ಇದನ್ನು ಕೇಳಿ. 1999ರಲ್ಲಿ ಲಂಡನ್ನಿನ ವೈದ್ಯರು ಅಲ್ಲಿ ಇಸುಬಿಗೆಂದು ಕೊಡುತ್ತಿದ್ದ 11 ಚೀನೀ ಮೂಲಿಕೆ ಮುಲಾಮುಗಳನ್ನು ಪರೀಕ್ಷಿಸಿದರು. ಎಂಟರಲ್ಲಿ ಡೆಕ್ಸಾಮೆಥಾಸೋನ್ ಎಂಬ ಪ್ರಬಲ ಸ್ಟೀರಾಯ್ಡ್ ಬೆರೆತಿತ್ತು! ಹೆಸರು ಬರೆಯದ, ಊರು ಬರೆಯದ ಡಬ್ಬಿಯಿಂದ 'ಮಾಯವಾಗುವ' ಇಸುಬಿನ ಗುಟ್ಟು ಅನೇಕ ವೇಳೆ ಇದೇ.

ಆ ಮಗುವಿನ ಕತೆ

ಮತ್ತೆ ನಮ್ಮ ಮಗುವಿನ ಕಡೆ ಬರೋಣ. ನೋಟ್‌ಬುಕ್ ಬದಿಗಿಟ್ಟು, ಒಂದೊಂದೇ ಪದಾರ್ಥದ ಬಗ್ಗೆ, "ಕೊಟ್ಟಾಗ ಏನಾಯ್ತು? ಎಷ್ಟು ಹೊತ್ತಿಗಾಯ್ತು?" ಎಂದು ಕೇಳುತ್ತ ಹೋದೆ. ಹಾಲು ಕೊಟ್ಟಾಗ ಏನೂ ಆಗಿರಲಿಲ್ಲ. ಮೊಟ್ಟೆಗೂ ಇಲ್ಲ, ಗೋಧಿಗೂ ಇಲ್ಲ. ಇಪ್ಪತ್ತಮೂರರಲ್ಲಿ ಒಂದಕ್ಕೂ ಇಲ್ಲ.

"ಯಾವತ್ತಾದರೂ ಏನಾದರೂ ತಿಂದ ಕೂಡಲೇ ತುಟಿ ಊದಿದ್ದು, ವಾಂತಿಯಾಗಿದ್ದು ಇದೆಯಾ ಅಮ್ಮ?"

ಆಕೆ ಯೋಚಿಸಿದರು. ಒಂದು ಸಲ ಆಗಿತ್ತು. ಮಗುವಿಗೆ ಹದಿನಾಲ್ಕು ತಿಂಗಳಿದ್ದಾಗ, ಮೈಗೆ ತಂಪು ಎಂದು ನೆರೆಮನೆಯಾಕೆ ಪ್ರೀತಿಯಿಂದ ಮೆಮಿಲ್ ದೋಸೆಯ ಚೂರು ತಿನ್ನಿಸಿದ್ದರಂತೆ. ಹತ್ತು ನಿಮಿಷದೊಳಗೆ ತುಟಿ ಊದಿ, ಬಾಯಿಯ ಸುತ್ತ ಗಂಧೆ ಎದ್ದು, ವಾಂತಿಯಾಯಿತು. ತಂಪಿನ ಪದಾರ್ಥದಿಂದ ಹಾಗಾಗದು, ಹಲ್ಲು ಬರುತ್ತಿರಬೇಕು ಎಂದು ಎಲ್ಲರೂ ಸುಮ್ಮನಾದರು. ನೋಟ್‌ಬುಕ್ಕಿನಲ್ಲಿ ಮೆಮಿಲ್ ಇರಲೇ ಇಲ್ಲ.

"ಮಗು ಮಲಗೋ ದಿಂಬಿನೊಳಗೆ ಏನು ತುಂಬಿದೆ?" ಎಂದು ಕೇಳಿದೆ.

ಆಕೆ ಕ್ಷಣಹೊತ್ತು ನನ್ನನ್ನೇ ನೋಡಿದರು. "ಅದೂ ಮೆಮಿಲ್ ಹೊಟ್ಟೇ, ಡಾಕ್ಟ್ರೇ. ತಲೆಗೆ ತಂಪು ಅಂತ ಉಡುಗೊರೆ ಕೊಟ್ಟಿದ್ರು" ಎಂದರು.

ಒಡೆದ ಕೆನ್ನೆಯನ್ನು ಆ ದಿಂಬಿಗೆ ಒತ್ತಿಕೊಂಡು ಮಗು ತಿಂಗಳುಗಟ್ಟಲೆ ಮಲಗಿತ್ತು. ಅಲರ್ಜಿ ಅಲ್ಲಿಂದಲೇ ಬಂತೆಂದು ಆಣೆ ಮಾಡಿ ಹೇಳಲಾರೆ. ಆದರೆ ಅನುಮಾನಕ್ಕೆ ಆಸ್ಪದವಿತ್ತು. ನಾನು ಸಾಮಾನ್ಯ ವೈದ್ಯ. ಮಗುವನ್ನು ಅಲರ್ಜಿ ತಜ್ಞರಲ್ಲಿಗೆ ಕಳಿಸಿದೆ. ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆಯಲ್ಲಿ ಮೆಮಿಲ್‌ಗೆ ದೊಡ್ಡ ಗಂಧೆ ಎದ್ದಿತು. ಬಹಳ ದಿನ ಬಿಟ್ಟಿದ್ದ ಹಾಲು, ಮೊಟ್ಟೆಗಳನ್ನು ಆಸ್ಪತ್ರೆಯಲ್ಲೇ ಮೊದಲು ಚೂರುಚೂರು ಕೊಟ್ಟು, ಏನೂ ಆಗದೆಂದು ಖಚಿತಪಡಿಸಿಕೊಂಡು ಮನೆಗೆ ಕಳಿಸಿದರು. ದಿಂಬು ಬದಲಾಯಿತು. ದಿನಕ್ಕೆರಡು ಬಾರಿ ಜೆಲ್ಲಿ, ಕೆರಳಿದಾಗ ಮುಲಾಮು.

ಮೂರು ತಿಂಗಳ ಬಳಿಕ, ಸುವೊನ್‌ಗೆ ಹಿಂತಿರುಗುವ ಮುನ್ನ, ತಾಯಿ ಮಗು ಮತ್ತೆ ಬಂದಿದ್ದರು. ಚರ್ಮ ಪೂರ್ತಿ ಗುಣವಾಗಿರಲಿಲ್ಲ. ಇಸುಬು ಒಂದು ದಿನದಲ್ಲಿ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡುವ ಕಾಯಿಲೆ. ಆದರೆ ಮಗು ರಾತ್ರಿ ನಿದ್ದೆ ಮಾಡುತ್ತಿತ್ತು. ತೂಕ ಒಂಬತ್ತು ಕಿಲೋ ದಾಟಿತ್ತು. "ಈಗ ಮೊಟ್ಟೆ ಅಂದ್ರೆ ಪ್ರಾಣ ಬಿಡುತ್ತೆ" ಎಂದು ಅಜ್ಜಿಯೇ ಹೇಳಿದರು.

ಪ್ರತಿಯೊಬ್ಬರ ಪ್ರಕೃತಿಯೂ ಬೇರೆ, ಒಬ್ಬರ ಪಥ್ಯ ಇನ್ನೊಬ್ಬರಿಗಲ್ಲ ಎಂಬ ಲೀ ಜೆಮಾರ ಮಾತಿನಲ್ಲಿ ಸತ್ಯವಿದೆ. ರೋಗಿಯನ್ನು ಹತ್ತಿರ ಕೂರಿಸಿಕೊಂಡು, ಊಟ ನಿದ್ದೆ ಎಲ್ಲವನ್ನೂ ವಿಚಾರಿಸುವ ಹಾನುಯಿಸಾ ವೈದ್ಯರ ವ್ಯವಧಾನವನ್ನು ಅವಸರದ ನಮ್ಮಂಥವರು ಕಲಿಯಬೇಕು. ಆದರೆ ಯಾರಿಗೆ ಯಾವುದು ಒಗ್ಗದು ಎಂಬುದನ್ನು ಪದಾರ್ಥ ತಂಪೋ ಉಷ್ಣವೋ ಎಂಬ ಲೆಕ್ಕದಿಂದ ತೀರ್ಮಾನಿಸಲಾಗದು. ಆ ಮಗು ಅದನ್ನು ತಿಂದಾಗ ನಿಜವಾಗಿ ಏನಾಯಿತು ಎಂಬುದೇ ಪ್ರಮಾಣ.

ನೆನಪಿಡಿ

* ಇಸುಬಿಗೆ ಮೊದಲ ಚಿಕಿತ್ಸೆ ಚರ್ಮದ ಆರೈಕೆ, ಆಮೇಲೆ ಪಥ್ಯದ ಯೋಚನೆ.
* ಒಂದು ಪದಾರ್ಥ ತಿಂದ ಎರಡು ಗಂಟೆಯೊಳಗೆ ಊತ, ಗಂಧೆ, ವಾಂತಿ, ಉಬ್ಬಸ ಕಂಡರೆ ಅದನ್ನು ನಿಲ್ಲಿಸಿ, ವೈದ್ಯರಿಗೆ ತೋರಿಸಿ.
* ರಕ್ತ ಪರೀಕ್ಷೆಯ ವರದಿಯನ್ನಷ್ಟೇ ನಂಬಿ ಮಗುವಿನ ಊಟ ಕಿತ್ತುಕೊಳ್ಳಬೇಡಿ.
* ಬಹುಕಾಲ ಬಿಟ್ಟ ಆಹಾರವನ್ನು ಮತ್ತೆ ಕೊಡುವಾಗ ವೈದ್ಯರ ಸಲಹೆ ಪಡೆಯಿರಿ.
* ತೀವ್ರ ಇಸುಬಿರುವ ಶಿಶುವಿಗೆ ಕಡಲೆಕಾಯಿ, ಮೊಟ್ಟೆ ಆರಂಭಿಸುವ ಮುನ್ನ ಮಕ್ಕಳ ವೈದ್ಯರನ್ನು ಕೇಳಿ. ಕಡಲೆಕಾಯಿಯನ್ನು ನುಣ್ಣಗೆ ಅರೆದು ಮಾತ್ರ ಕೊಡಿ. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳಬಹುದು.
* ಪ್ರತಿ ತಿಂಗಳು ಮಗುವಿನ ತೂಕ ನೋಡಿ. ಪಥ್ಯದಲ್ಲಿರುವ ಮಗುವಿಗಂತೂ ಇದು ಕಡ್ಡಾಯ.